ಕೆರೆಗೆ ಮೋಟಾರ್ ಯಾಕೆ

ಆಲ್ದೂರು
ಭಾನುವಾರ

ನಂದನ್ ಭಾವನವರಿಗೆ,

ಮೀನು ಹಿಡಿಯೋಕೆ ಅಂತ ನೋಡಿಟ್ಟಿದ್ದ ಅಲ್ಯೂಮಿನಿಯಂ ದೋಣಿ ಬೇಡ, ಹಳೇದಕ್ಕೆ ಕೂರಿಸೋ ಮೋಟಾರೇ ಸಾಕು ಅಂದ್ರಂತೆ ನೀವು. ದೋಣಿ ಅಂಗಡಿಯವನು ಫೋನ್ ಮಾಡಿದ್ದ. ನಮ್ಮ ಹಳೇ ದೋಣಿ ಒಳಗೆ ನೀರು ಬರುತ್ತೆ, ನಿಮಗೂ ಗೊತ್ತು. ಎಸ್ಟೇಟ್ ಕೆರೇಲಿ ಸದ್ದಿಲ್ದೆ ಹುಟ್ಟು ಹಾಕಿದ್ರೇ ಮೀನು ಸಿಗೋದು, ಮೋಟಾರ್ ಸದ್ದಿಗೆ ಒಂದೂ ನಿಲ್ಲಲ್ಲ. ಮತ್ತೆ ಮೋಟಾರ್ ಯಾರಿಗೆ?

ನಿನ್ನೆ ಕೊಟ್ಟಿಗೆಹಾರದಲ್ಲಿ ಹೋಂಸ್ಟೇ ದಿಲೀಪ್ ಸಿಕ್ಕಿದ್ದ. "ಏನ್ ಮಾರಾಯ, ನಿಮ್ ಭಾವ ನಮ್ ಗೆಸ್ಟ್‌ಗಳನ್ನ ಬೋಟಲ್ಲಿ ಸುತ್ತಿಸ್ತಾರಂತೆ, ಓಡಿಸೋದು ನೀನೇ ಅಂತೆ" ಅಂದ. ನನಗೆ ಮಾತ್ರ ಯಾರೂ ಹೇಳಿಲ್ಲ.

ಮೀನು ಹಿಡಿಯೋಕಾದ್ರೆ ಹೊಸ ದೋಣಿ ತನ್ನಿ, ಬರ್ತೀನಿ. ಆ ತೂತು ದೋಣೀಲಿ ಜನ ಕೂರಿಸೋದಾದ್ರೆ ನಾನು ಓಡಿಸಲ್ಲ. ನನ್ನ ಬಲೆ ಅಕ್ಕನ ಕೈಲಿ ಕಳಿಸಿಬಿಡಿ. ಬಲೆ ಯಾಕೆ ವಾಪಸ್ ಅಂತ ಅವಳಿಗೆ ನೀವೇ ಹೇಳಿ.

ನಿಮ್ಮ ಭಾಮೈದ,
ಸುಹಾಸ್