ಅಂಚಿನಲ್ಲಿ ಬರೆದದ್ದು

ಜೂನ್ ೧೪, ಮಧ್ಯಾಹ್ನ

ನನ್ನ ಬಾಯಿಬಡುಕಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿಯೂ ನೀನು ಇದನ್ನು ಹರಿದು ಹಾಕಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳಿಗೆ ಈಗೇನು ಮಾತು ಬಂತು ಎಂದು ನೀನು ಮೂತಿ ತಿರುವಿದರೆ ಅದು ನ್ಯಾಯವೇ.

ನಾನಿನ್ನೂ ಗ್ರಂಥಾಲಯದ ರಿಪೇರಿ ಕೋಣೆಯಲ್ಲೇ ಇದ್ದೇನೆ. ಅದೇ ಅಂಟಿನ ಬಟ್ಟಲು, ಅದೇ ಕುಂಟು ಮೇಜು. ಹೋದ ವಾರ ನಿನ್ನ ಸೋದರಮಾವ ನಮ್ಮ ಮನೆತನದ ಮೂರು ಕೈಬರಹದ ಗ್ರಂಥಗಳನ್ನು ತಂದಿಟ್ಟು, ಪ್ರಾರ್ಥನಾಮಂದಿರದ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು, ಹೊಲಿದುಕೊಡು ಎಂದ. ಅಲ್ಲಿನ ಹಿರಿಯನಾದ ಮೇಲೆ ಅವನು ಕೆಮ್ಮಿದರೂ ಉಪದೇಶದ ಹಾಗೆ ಕೇಳಿಸುತ್ತದೆ.

ನಮ್ಮಲ್ಲಿ ತಲೆಮಾರಿಗೊಬ್ಬರು ಪಂಥದ ಗ್ರಂಥವನ್ನು ನಕಲು ಮಾಡುತ್ತಿದ್ದದ್ದು ನಿನಗೆ ಗೊತ್ತು. ಮನಸ್ಸಿಗೆ ತೋಚಿದ್ದನ್ನು ಪುಟದ ಅಂಚಿನಲ್ಲಿ ಬರೆದುಕೊಳ್ಳಬಹುದಿತ್ತು. ನಾನು ಮೂರನ್ನೂ ಒಂದೇ ಪುಟಕ್ಕೆ ತೆರೆದಿಟ್ಟೆ. ಯಾವ ಪುಟ ಎಂದು ನಿನಗೆ ಹೇಳಬೇಕಿಲ್ಲ.

ನನ್ನ ಮುತ್ತಜ್ಜಿಯ ಪ್ರತಿಯಲ್ಲಿ ಇರುವುದು ಇಷ್ಟೇ: "ಬಿಟ್ಟು ಹೋದವರು ಮರಳಿ ಬಂದರೆ ಎದ್ದುಹೋಗಿ ಬಾಗಿಲು ತೆರೆಯಿರಿ." ಅಜ್ಜನ ಪ್ರತಿಯಲ್ಲೂ ಅದೇ ಸಾಲು. ಆದರೆ ಅವರ ಸ್ವಂತ ತಮ್ಮನೇ ಪಂಥ ಬಿಟ್ಟುಹೋದ ವರ್ಷ ಅಂಚಿನಲ್ಲಿ "ತಪ್ಪೊಪ್ಪಿಕೊಂಡರೆ ಮಾತ್ರ" ಎಂದು ಬರೆದಿದ್ದಾರೆ. ಅಪ್ಪ ನಕಲು ಮಾಡುವಾಗ ಆ ಮಾತು ಸಾಲಿನೊಳಗೇ ಬಂದು ಕೂತಿದೆ. ಅಪ್ಪನ ಪ್ರತಿಯ ಅಂಚಿನಲ್ಲಿ ಮತ್ತೆ ಯಾರೋ ಪೆನ್ಸಿಲಿನಲ್ಲಿ "ಇಲ್ಲದಿದ್ದರೆ ಹೆತ್ತವರೂ ತೆರೆಯಬಾರದು" ಎಂದು ಬರೆದಿದ್ದಾರೆ. ಆ ಪ್ರತಿಯಿಂದ ಗ್ರಂಥ ಅಚ್ಚಾದಾಗ ಅದೂ ಒಳಗೆ ಸೇರಿಹೋಯಿತು.

ಇವರಲ್ಲಿ ಯಾರೂ ಮೋಸಗಾರರಲ್ಲ ಕಣೇ. ಹಿರಿಯರ ಕೈಬರಹವನ್ನು ಅಂಚಿನಲ್ಲೇ ಬಿಟ್ಟರೆ ಅಗೌರವ ಎಂದುಕೊಂಡು ಒಬ್ಬೊಬ್ಬರೂ ಅದನ್ನು ಎತ್ತಿ ಸಾಲಿನಲ್ಲಿಟ್ಟರು. ಅತಿ ವಿಧೇಯತೆ ಮಾಡಿದ ಎಡವಟ್ಟು ಇದು.

ಆರು ವರ್ಷದ ಹಿಂದೆ, ಪಂಥವನ್ನೂ ಮನೆಯನ್ನೂ ಬಿಟ್ಟುಹೋಗಿದ್ದ ನೀನು ಕೈಗೂಸನ್ನು ಎತ್ತಿಕೊಂಡು ಬಿಸಿಲಲ್ಲಿ ಬಂದು ಬಾಗಿಲು ತಟ್ಟಿದ ದಿನ, ನಾನು ಒಳಗೆ ನಿಂತು ಆ ಅಚ್ಚಿನ ಸಾಲನ್ನು ಗಟ್ಟಿಯಾಗಿ ಓದಿದೆ. ಮಗು ಅಳುತ್ತಿತ್ತು. ನಿನ್ನ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಓದಿದೆ.

ಮೂರು ಪುಟಗಳನ್ನೂ ನಿನ್ನ ಮಾವನಿಗೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ, "ಅಂಚು ಸವೆದಿದೆ, ನೀಟಾಗಿ ಕತ್ತರಿಸಿ ಹೊಲಿದುಬಿಡು. ನಿಂಗೂ ಅದೇ ಒಳ್ಳೇದು" ಅಂದ. ಕತ್ತರಿಸುವ ಯಂತ್ರ ನನ್ನ ಮೊಣಕೈ ಪಕ್ಕದಲ್ಲೇ ಇತ್ತು. ಹಿಡಿ ಒತ್ತಿದರೆ ಅರೆ ನಿಮಿಷದ ಕೆಲಸ. ಅಂಚು ಹೋದರೆ ಯಾವ ಮಾತು ಎಲ್ಲಿಂದ ಬಂತು ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ.

ನಾನು ಕತ್ತರಿಸಲಿಲ್ಲ. ಸವೆದ ಅಂಚಿಗೆ ತೆಳುವಾದ ಕಾಗದ ಅಂಟಿಸಿ ಹಾಗೇ ಹೊಲಿದೆ. ನಾಳಿದ್ದು ಸಭೆ ಸೇರುತ್ತದೆ, ಅಲ್ಲಿ ಎದ್ದುನಿಂತು ಮುತ್ತಜ್ಜಿಯ ಸಾಲನ್ನು ಓದುತ್ತೇನೆ. ಹೊರಗೆ ಹಾಕುತ್ತಾರೆ ಎಂದು ಭಯವಿದೆ. ನಲವತ್ತು ವರ್ಷ ಜೊತೆಗೆ ಕೂತವರು ಆಮೇಲೆ ಬೀದಿಯಲ್ಲಿ ಮುಖ ತಿರುಗಿಸಿದರೆ ತಡೆದುಕೊಳ್ಳುವುದು ಹೇಗೋ ಗೊತ್ತಿಲ್ಲ. ನೀನು ಹೇಗೆ ತಡೆದುಕೊಂಡೆ ಎಂದು ಕೇಳಲು ನನಗೆ ಮುಖವಿಲ್ಲ.

ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಆದರೂ ಕರೆಯುತ್ತಿದ್ದೇನೆ. ಬರಲು ಮನಸ್ಸಾಗದಿದ್ದರೆ ಮಗುವಿನ ಹೆಸರನ್ನಾದರೂ ಬರೆದು ತಿಳಿಸು. ಅವತ್ತು ಅದನ್ನೂ ಕೇಳಲಿಲ್ಲ ನಾನು.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಅಪ್ಪನ ಪ್ರತಿಯಲ್ಲಿ ಪೆನ್ಸಿಲಿನಲ್ಲಿ ಬರೆದವರು ಯಾರೋ ಅಲ್ಲ, ನಾನೇ. ನಿನ್ನ ಮಾವ ಕೈಬರಹ ಗುರುತಿಸಿಯೇ ಕತ್ತರಿಸು ಅಂದದ್ದು. ನೀನು ಮನೆ ಬಿಟ್ಟ ವಾರ ಅದನ್ನು ಬರೆದೆ. ನೀನು ಯಾವತ್ತಾದರೂ ತಿರುಗಿ ಬಂದರೆ ನಾನು ಓಡಿಹೋಗಿ ಬಾಗಿಲು ತೆರೆದುಬಿಡುತ್ತೇನೆ ಎಂದು ನನಗೆ ಗೊತ್ತಿತ್ತು.