ಮೂರು ನಂಬರಿನ ರಾಡ್

28 ಆಗಸ್ಟ್, ಬೆಳಿಗ್ಗೆ 6.40

ಚಹಾ ಆಯಿತು. ಅವ್ವನ ಪೂಜೆಗೆ ನೀರು ತುಂಬಿಟ್ಟೆ. ಪ್ರಮಿಳಾಳ ರವಿಕೆಯ ಹುಕ್ಕು ಹಾಕಿದೆ. ಐದರಲ್ಲಿ ಎರಡನ್ನು ಅವಳೇ ಹಾಕಿಕೊಂಡಿದ್ದಳು. ಮೊನ್ನೆ ಮೂರು.

ನಿನ್ನೆ ಡಾಕ್ಟರು ಹೇಳಿದ್ದನ್ನು ಇನ್ನೂ ಬರೆದಿಲ್ಲ. ಬರೆಯಬೇಕು. ನರದ ಕಾಯಿಲೆ. ವಾಸಿಯಾಗುವುದಿಲ್ಲ. ಮೊದಲು ಬಲಗೈ, ಆಮೇಲೆ ಎಡಗೈ, ಆಮೇಲೆ ನುಂಗುವುದು. ಕೈ ಎಷ್ಟು ದಿನ ಅಂತ ಅವಳೇ ಕೇಳಿದಳು. ದೀಪಾವಳಿತನಕ ಇರಬಹುದು ಅಂದರು.

ಇಪ್ಪತ್ತೆರಡು ವರ್ಷ ಲ್ಯಾಬಿನಲ್ಲಿ ರಕ್ತ ತೆಗೆದ ಕೈ. ಜೂನಿನಲ್ಲಿ ಒಂದು ಕೂಸಿಗೆ ಎರಡು ಸಲ ಚುಚ್ಚಬೇಕಾಯಿತು. ಮರುದಿನವೇ ರಾಜೀನಾಮೆ ಬರೆದಳು.

ಹಿಂದವಾಡಿಯ ಮನೆಗೆ ವಾಪಸ್ ಬರುವಾಗ ಆಟೋದಲ್ಲಿ ಕೇಳಿದೆ — ಎಲ್ಲಿಗಾದರೂ ಹೋಗಬೇಕು ಅನಿಸುತ್ತದೆಯೇ? ಉಳವಿಗೆ? ಕಾಶಿಗೆ?

"ಖಾನಾಪುರದಾಗ ಹೊಳ್ಯಾಗ ನಿಂತು ಒಂದ್ ಸಲಾ ಗಾಳಾ ಹಾಕಬೇಕ್ರೀ," ಅಂದಳು. "ನಮ್ಮಪ್ಪನ ಗತೆ. ನನ್ನ ಕೈಲೆ."

ಅವಳದು ಕುರಿ ಕಾಯುವ ಮನೆತನ. ಮಲಪ್ರಭೆಯ ದಂಡೆಯಲ್ಲಿ ಅಪ್ಪನ ಜೊತೆ ಮೀನು ಹಿಡಿದು ಬೆಳೆದವಳು. ಲಿಂಗಪೂಜೆಯ ಈ ಮನೆಗೆ ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ, ಮೀನು ಮುಟ್ಟಿಲ್ಲ. ಬೇಡ ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

30 ಆಗಸ್ಟ್

ದಾರಿ ಸಿಕ್ಕಿತು. ಓದುತ್ತಿರುವ ಅನುವಾದಿತ ಕಾದಂಬರಿಯಲ್ಲಿ, ಉತ್ತರದ ಯಾವುದೋ ಚಳಿ ದೇಶದ್ದು, ಒಬ್ಬ ಪಾದ್ರಿ "ನೊಣದ ಗಾಳ" ಹಾಕುತ್ತಾನೆ. ಹಿಡಿದ ಮೀನನ್ನು ನೀರಿಗೇ ಬಿಡುತ್ತಾನೆ. ಅನುವಾದ ತಪ್ಪು ಅಂತ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಪ್ರೆಸ್ಸಿನಲ್ಲಿ ದಿನವಿಡೀ ಕರಡು ತಿದ್ದುವವನಿಗೆ ಮನೆಯಲ್ಲೂ ಬಿಡದ ಚಟ. ಅದು ನೊಣ ಅಲ್ಲ. ಪುಕ್ಕ, ದಾರ ಕಟ್ಟಿ ಮಾಡಿದ ಹುಸಿ ಹುಳು. ಇಂಗ್ಲಿಷಿನಲ್ಲಿ ಫ್ಲೈ ಅನ್ನುತ್ತಾರೆ.

ಅದರ ಕೋಲು, ಅಂದರೆ ರಾಡು, ಬಹಳ ಹಗುರ. ಮೀನು ಸಾಯುವುದಿಲ್ಲ. ಅವಳ ಆಸೆಗೂ ಅವ್ವನ ಪೂಜೆಗೂ ಹೊಂದುತ್ತದೆ. ಅವಳಿಗೆ ಹೇಳಿದೆ.

"ನೊಣಾ ಕೊಳ್ಳಾಕ ಹೊಂಟೀರೇನು? ನಮ್ಮ ಅಡಗಿಮನ್ಯಾಗ ಬೇಕಾದಷ್ಟ ಅದಾವಲಾ."

"ಬಿದಿರ ಕೋಲು ಸಾಕ್ರೀ ನನಗ," ಅಂತಲೂ ಅಂದಳು. ಬಿದಿರು ಭಾರ, ನಿನ್ನ ಕೈಗೆ ಆಗದು ಅಂದೆ. ಸುಮ್ಮನಾದಳು.

3 ಸೆಪ್ಟೆಂಬರ್

ನಾಲ್ಕು ದಿನ ವ್ಯರ್ಥ. ರಾಡಿನ ಮೇಲಿನ ನಂಬರು ಅದರ ತೂಕ ಅಂದುಕೊಂಡಿದ್ದೆ. ಅಲ್ಲ. ಅದು ಎಂಥ ದಾರಕ್ಕೆ ಹೊಂದುತ್ತದೆ ಅನ್ನುವುದರ ಲೆಕ್ಕ. ಹುಸಿ ಹುಳುವಿಗೆ ತೂಕವೇ ಇಲ್ಲ. ದಾರವೇ ದಪ್ಪ, ಅದರ ತೂಕವೇ ಹುಳುವನ್ನು ಒಯ್ಯುತ್ತದೆ. ನಂಬರು ಕಡಿಮೆಯಾದಷ್ಟೂ ದಾರ ಹಗುರ, ರಾಡು ನಾಜೂಕು. ಸಣ್ಣ ಹೊಳೆಗೆ, ಸಣ್ಣ ಮೀನಿಗೆ ಮೂರು ನಂಬರು ಸಾಕು.

ಬಜೆಟ್ಟು ಎಂಟು ಸಾವಿರ. ರಾಡು, ದಾರ ಸುತ್ತುವ ರೀಲು, ದಾರ ಎಲ್ಲ ಸೇರಿ. ಔಷಧದ ದುಡ್ಡು ಮುಟ್ಟಬಾರದು.

7 ಸೆಪ್ಟೆಂಬರ್, ಸಂಜೆ

ಆರಿಸಿದೆ. ಏಳೂವರೆ ಫೂಟು, ಮೂರು ನಂಬರು, ಕಾರ್ಬನ್, 82 ಗ್ರಾಂ. ಫೈಬರ್‌ಗ್ಲಾಸಿನದು ಅಗ್ಗ, ಆದರೆ 25 ಗ್ರಾಂ ಹೆಚ್ಚು. ರೀಲು — ಸಿಕ್ಕಿದ್ದರಲ್ಲೆಲ್ಲ ಹಗುರಾದದ್ದು, 75.

ಲಟ್ಟಣಿಗೆ ತೂಗಿದೆ. 190. ರಾಡು, ರೀಲು, ದಾರ ಸೇರಿದರೆ ಹೆಚ್ಚುಕಡಿಮೆ ಅಷ್ಟೇ. ಅದನ್ನು ಅವಳ ಕೈಗೆ ಕೊಟ್ಟು, ಎತ್ತಿ ಹಿಡಿ ಅಂದೆ. ಗಡಿಯಾರ ನೋಡಿದೆ. ನಲವತ್ತೊಂದು ಸೆಕೆಂಡು.

"ಚಪಾತಿ ಲಟ್ಟಸಾಕ ಹಚ್ಚತೀರೋ, ನನ್ನ ಕೈ ಆಯುಷ್ಯಾ ಅಳೀತೀರೋ?"

ಎರಡೂ ಅಲ್ಲ ಅಂದೆ. ಸುಳ್ಳು.

ಎಲ್ಲ ಸೇರಿ ಒಂಬತ್ತು ಸಾವಿರದ ನಾನೂರು ಆಗುತ್ತದೆ. 26ಕ್ಕೆ ದಸರಾ ಸೇಲು. ಎಂಟು ಸಾವಿರದ ಒಳಗೆ ಬರುತ್ತದಂತೆ. ಹತ್ತೊಂಬತ್ತು ದಿನ. ಹೊಳೆಯೂ ಅಷ್ಟರಲ್ಲಿ ಇಳಿಯುತ್ತದೆ. ಕಾಯುವುದೇ ಸರಿ.

15 ಸೆಪ್ಟೆಂಬರ್

ಅವ್ವನಿಗೆ ಗೊತ್ತಾಗಿದೆ. ವಯಸ್ಸು ಎಂಬತ್ತೆರಡು, ಕಿವಿ ಬೇಕಾದಾಗ ಕೇಳುತ್ತದೆ. ವಿಭೂತಿ ಹಚ್ಚಿಕೊಳ್ಳುತ್ತ ಕರೆದಳು.

"ಏನ್ ತಮ್ಮಾ, ಮೀನ ಹಿಡಿಯಾಕ ಹೊಂಟೀಯಂತ?"

ಪ್ರಮಿಳಾ ಹಿಡಿಯುತ್ತಾಳೆ, ಅದೂ ವಾಪಸ್ ಬಿಡಲಿಕ್ಕೆ ಅಂತ ಬಿಡಿಸಿ ಹೇಳಿದೆ. ಜೀವಹಿಂಸೆ ಇಲ್ಲ ಅಂದೆ.

"ಬಿಡಾಕಂದ್ರ ಹಿಡಿಯೂದ್ಯಾಕ?"

"ಅಕಿ ಆಸೆ ಅವ್ವಾ…"

"ತಿನ್ನಾಕ ಹಿಡದ್ರ ಹಸಿವಿ ಅನ್ಬೌದು. ಬಾಯಾಗ ಮುಳ್ಳ ಚುಚ್ಚಿ, ಮೋಜ ನೋಡಿ, 'ಹೋಗವಾ ತಾಯಿ' ಅನ್ನೂದು… ಇದಕ್ಕೇನ್ ಅನ್ಬೇಕೋ ಬಸು? ಇದನ್ನ ಯಾವ ಪುಸ್ತಕದಾಗ ಓದಿದಿ?"

ಒಳಗೆ ಪ್ರಮಿಳಾ ನಗುತ್ತಿದ್ದಳು. ಬಹಳ ದಿನದ ಮೇಲೆ. ಕೆಮ್ಮು ಬರುವತನಕ.

"ಅಕಿ ತಿಂದ್ರ ತಿನ್ಲಿ," ಅಂದಳು ಅವ್ವ. "ಹೊಳಿ ದಂಡೀಗೇ ತಿನ್ಲಿ. ನನ್ನ ಪಾತ್ರಿ ಮುಟ್ಟಬ್ಯಾಡ್ರಿ, ಮುಗೀತು."

ಪೂಜೆಗೆ ನೀರು ತುಂಬಿಟ್ಟು ಹೊರಗೆ ಬಂದೆ. 

26 ಸೆಪ್ಟೆಂಬರ್

ಆರ್ಡರ್ ಮಾಡಿದೆ. 7,980.

ಲಟ್ಟಣಿಗೆ — ಆರು ಸೆಕೆಂಡು. ಹೆಬ್ಬೆರಳು ಬಾಗುತ್ತಿಲ್ಲ.

"ಸೇಲದಾಗ ಭಾಳ ಕಡಿಮಿ ಆತಲ್ರೀ," ಅಂದಳು. ಯಾವುದರ ಬಗ್ಗೆ ಅಂದಳೋ ಕೇಳಲಿಲ್ಲ.

ಸಾವಿರದ ನಾನೂರಿಪ್ಪತ್ತು ಉಳಿಯಿತು. ಹತ್ತೊಂಬತ್ತು ದಿನಕ್ಕೆ.

3 ಅಕ್ಟೋಬರ್

ಬಂತು. ಉದ್ದನೆಯ ಕೊಳವೆಯಲ್ಲಿ ನಾಲ್ಕು ತುಂಡು. ಜೋಡಿಸಿದೆ. ನನ್ನ ಕೈಯಲ್ಲಿ ಏನೂ ಇಲ್ಲದ ಹಾಗಿದೆ. ಅವಳ ಕೈಗೆ ಕೊಟ್ಟೆ. ತುದಿ ನೆಲಕ್ಕೆ ಬಡಿಯಿತು. ಮತ್ತೆ ಕೊಟ್ಟೆ. ಮತ್ತೆ ಬಡಿಯಿತು.

"ಹಗುರ ಐತ್ರೀ," ಅಂದಳು. ಸಮಾಧಾನ ಅವಳು ನನಗೆ ಹೇಳುತ್ತಿದ್ದಾಳೆ.

6 ಅಕ್ಟೋಬರ್, ರವಿವಾರ

ಪೀರನವಾಡಿಗೆ ಹೋದೆವು. ಬಾಳಾಸಾಹೇಬ ಅಂತ, ಟೈರ್ ಅಂಗಡಿ, ಗಾಳ ಹಾಕುವ ಹುಚ್ಚು. ಪ್ರಮಿಳಾಳ ಹಳೆಯ ಪೇಶಂಟು. ಇವಳು ಸೂಜಿ ಚುಚ್ಚಿದರೆ ಗೊತ್ತೇ ಆಗುತ್ತಿರಲಿಲ್ಲವಂತೆ. ರಾಡನ್ನು ಒಂದು ಬೆರಳ ಮೇಲೆ ಇಟ್ಟು ನೋಡಿದ.

"ಹಗುರ ಹಗುರ ಅಂತ ಎಲ್ಲಾ ಹಗುರಾನ ತಗೊಂಡೀರಿ ಸರ್. ಅಲ್ಲೇ ಫಸದ್ರಿ, ಮೋಸ ಹೋದ್ರಿ. ರೀಲ್‌ಗಿ ವಜನ ಬೇಕ್ರಿ. ಹಿಂದ ವಜನ ಇಲ್ಲಂದ್ರ ಮುಂದಿಂದೆಲ್ಲಾ ಮಣಿಕಟ್ಟ ಹೊರತೈತಿ."

ಅಂದರೆ ಸ್ವಲ್ಪ ಭಾರದ ರೀಲು ಕೊಂಡಿದ್ದರೆ ಅವಳ ಕೈಗೆ ಹಗುರಾಗುತ್ತಿತ್ತು. ಅದು ಅಗ್ಗವೂ ಇತ್ತು. ಪಟ್ಟಿಯಲ್ಲಿ ಎರಡನೆಯದು.

ಕಾರಿನ ಗಾಲಿ ಬ್ಯಾಲೆನ್ಸ್ ಮಾಡುವಾಗ ಅಂಟಿಸುತ್ತಾರಲ್ಲ, ಐದೈದು ಗ್ರಾಮಿನ ಸೀಸದ ಬಿಲ್ಲೆಗಳು… ಅವನ್ನೇ ರೀಲಿನ ಹತ್ತಿರ ಒಂದೊಂದಾಗಿ ಅಂಟಿಸಿದ. ಒಂಬತ್ತಾದ ಮೇಲೆ ರಾಡು ಬೆರಳ ಮೇಲೆ ಅಡ್ಡಕ್ಕೆ ನಿಂತಿತು.

"ಘ್ಯಾ ಮೇಡಂ, ತಗೋರಿ. ಈಗ ಹಿಡೀರಿ."

ಹಿಡಿದಳು. ತುದಿ ಬೀಳಲಿಲ್ಲ. ಬೆರಳು ಬಿಚ್ಚಿಕೊಂಡವು, ರಾಡೇ ಬಿತ್ತು. ಬಾಳಾಸಾಹೇಬ ಬಗ್ಗಿ ಎತ್ತಿಕೊಂಡ. ಬಹಳ ಹೊತ್ತು ಅದರ ಧೂಳು ಒರೆಸಿದ. ಬಿಲ್ಲೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

9 ಅಕ್ಟೋಬರ್

ಮಳೆ. ಖಾನಾಪುರದಿಂದ ಪ್ರಮಿಳಾಳ ತಮ್ಮ ಬಾಳೇಶನ ಫೋನು. ಹೊಳೆ ಕೆಂಪಾಗಿದೆ, ಬರಬೇಡಿ, ಮೀನಿಗೆ ಏನೂ ಕಾಣುವುದಿಲ್ಲ.

14 ಅಕ್ಟೋಬರ್

ಮಳೆ. ಹುಕ್ಕು ಐದೂ ನಾನೇ.

20 ಅಕ್ಟೋಬರ್, ರವಿವಾರ. ಖಾನಾಪುರ, ಬಾಳೇಶನ ಮನೆ. ಸಂಜೆ 5.30

ಕ್ರಮವಾಗಿ ಬರೆಯುತ್ತೇನೆ.

ಎಂಟೂವರೆಗೆ ಹೊಳೆ. ನೀರು ತಿಳಿಯಾಗಿತ್ತು. ಬಾಳೇಶ ಬಿದಿರು ಕೋಲು ಹಿಡಿದು ನಿಂತಿದ್ದ. ನನ್ನ ರಾಡು ನೋಡಿ, "ಮಾಮಾ, ಇದು ಮೀನ ಹಿಡಿಯೂದೋ, ಟೀವಿ ಎಂಟೆನಾನೋ?" ಅಂದ. ಅಕ್ಕನ ಕೈ ನೋಡಿದ ಮೇಲೆ ಚೇಷ್ಟೆ ನಿಲ್ಲಿಸಿದ.

ಅವಳು ಪಾದ ಮುಳುಗುವಷ್ಟು ನೀರಿಗೆ ಇಳಿದಳು. ನಾನು ಪಕ್ಕದಲ್ಲಿ. ರಾಡು ಕೊಟ್ಟೆ. ಬೆರಳು ಮುಚ್ಚಲಿಲ್ಲ. ನಾನೇ ಮುಚ್ಚಿ ಹಿಡಿದೆ. ಬಿಟ್ಟ ಕೂಡಲೇ ಬಿಚ್ಚಿತು. ನಾನು ಹಾಕುತ್ತೇನೆ, ನೀನು ನನ್ನ ಕೈ ಮೇಲೆ ಕೈ ಇಡು ಅಂದೆ.

"ಹಂಗಾದ್ರ ಅದು ನಿಮ್ಮ ಗಾಳಾ."

ಆಮೇಲೆ, "ನನ್ನ ಚೀಲದಾಗ ಲ್ಯಾಬಿನ ಪಟ್ಟಿ ಐತಿ, ತಗೀರಿ," ಅಂದಳು. ರಕ್ತ ತೆಗೆಯುವಾಗ ರಟ್ಟೆಗೆ ಬಿಗಿಯುವ ರಬ್ಬರಿನದು. ಎರಡು ತಂದಿದ್ದಳು. ರಾಡಿನ ಹಿಡಿಕೆಯನ್ನು ಅವಳ ಮುಂಗೈಗೆ ಕಟ್ಟಿದೆ.

"ಇನ್ನೂ ಬಿಗೀರಿ. ನರಾ ಕಾಣಬೇಕು. ಹಾಂ."

ಮಣಿಕಟ್ಟು ಇಲ್ಲ, ಬೆರಳು ಇಲ್ಲ, ಮೊಣಕೈ ಒಂದೇ. ಮೊದಲ ಸಲ ದಾರ ಅವಳ ತಲೆಯ ಮೇಲೆಯೇ ಬಿತ್ತು. ಎರಡನೇ ಸಲ ಕಾಲಿನ ಹತ್ತಿರ ಗುಂಪಾಗಿ. ಮೂರನೆಯದೂ ಹಾಗೇ. ಉಸಿರು ಬಿಡುತ್ತ ನಿಂತಳು. ನಾಲ್ಕನೆಯದು ನೆಟ್ಟಗೆ ಹೋಯಿತು. ನೀರಿನ ಮೇಲೆ ಸದ್ದಿಲ್ಲದೆ ಮಲಗಿತು. ಅವಳು ತಿರುಗಿ ನನ್ನನ್ನು ನೋಡಲಿಲ್ಲ. ದಾರವನ್ನೇ ನೋಡುತ್ತಿದ್ದಳು.

ಆ ನಾಲ್ಕನೆಯದಕ್ಕೇ ಬಂತು. ಅಂಗೈಯಷ್ಟು ಮೀನು. ದಾರ ಎಳೆದವನು ನಾನು, ಅವಳು ಹೇಳಿದ ಹಾಗೆ. ಗಾಳ ಬಿಡಿಸಬೇಕಾದವನೂ ನಾನೇ. ಹುಟ್ಟಿದಾರಭ್ಯ ಮೀನು ಮುಟ್ಟಿದವನಲ್ಲ. ತಣ್ಣಗಿತ್ತು, ಬಡಿದುಕೊಳ್ಳುತ್ತಿತ್ತು.

"ನಡಗಬ್ಯಾಡ್ರಿ. ನಿಮ್ಮ ಕೈ ನಡಗಿದ್ರ ಪೇಶಂಟಿಗಿ ಗೊತ್ತಾಗತೈತಿ. ಒಳಗ ದೂಡ್ರಿ ಮೊದಲ… ಈಗ ತಿರುವ್ರಿ."

ಬಂತು. ನನ್ನ ಎರಡೂ ಕೈಯಲ್ಲಿ ಮೀನು, ಕೆಳಗೆ ನೀರು. ಬಿಡುತ್ತೇವೆ ಅಂತಲೇ ಇಷ್ಟೆಲ್ಲ ಹುಡುಕಿದ್ದು, ಆರಿಸಿದ್ದು. ಅವಳು ಏನೂ ಅನ್ನಲಿಲ್ಲ. ಬಿಡಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಇಪ್ಪತ್ತಾರು ವರ್ಷ ಹೀಗೇ ಏನೂ ಅನ್ನದೆ ಇದ್ದಾಳೆ ಅಂತ ಆಗ ತಿಳಿಯಿತು. ನನಗೆ ಅದು ಒಪ್ಪಿಗೆಯಾಗಿ ಕೇಳಿಸುತ್ತಿತ್ತು.

ಬಾಳೇಶನ ಡಬ್ಬಿಯಲ್ಲಿ ಹಾಕಿದೆ. ಮುಚ್ಚಳ ಮುಚ್ಚಿದೆ.

"ರೀ," ಅಂದಳು. ಅಷ್ಟೇ.

ಮತ್ತೆ ಹಾಕುವಷ್ಟು ಕೈ ಉಳಿದಿರಲಿಲ್ಲ. ಪಟ್ಟಿ ಬಿಚ್ಚಿದೆ. ಮುಂಗೈ ಮೇಲೆ ಕೆಂಪು ಗೆರೆ.

ಬಾಳೇಶ ಮೂರು ಕಲ್ಲಿಟ್ಟು, ಉಪ್ಪು ಸವರಿ ಕೆಂಡದ ಮೇಲೆ ಸುಟ್ಟ. ಹೊಗೆ ನನ್ನ ಕಡೆಗೇ ಬಂತು. ಎದ್ದು ಹೋಗಲಿಲ್ಲ.

"ಮಾಮಾ, ನೀವ ಅತ್ಲಾಗ ಕುಂದರ್ರಿ. ಅಕ್ಕಗ ನಾ ತಿನಸ್ತೀನಿ."

"ಬ್ಯಾಡೋ. ನಾನ ತಿನಸ್ತೀನಿ."

ಎಲೆಯ ಮೇಲೆ ಬಿಡಿಸಿದೆ. ಅಷ್ಟು ಸಣ್ಣ ಮೀನಿನಲ್ಲಿ ಅಷ್ಟೊಂದು ಮುಳ್ಳು ಇರುತ್ತವೆ ಅಂತ ಗೊತ್ತಿರಲಿಲ್ಲ. ಕೂದಲಿಗಿಂತ ಸಪೂರ. ಕನ್ನಡಕ ಹಾಕಿಕೊಂಡೆ. ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟೆ. ಅವಳು ಕಾದಳು. ಹೊಟ್ಟೆಯ ಕಡೆಯದು ಮೆತ್ತಗಿರುತ್ತದೆ, ಅದು ಮೊದಲು ಅಂದಳು. ಉಗುರಿನಷ್ಟು ತುತ್ತು. ಬೆರಳ ನಡುವೆ ಹಿಸುಕಿ ನೋಡಿ ಬಾಯಿಗಿಟ್ಟೆ.

ಕಣ್ಣು ಮುಚ್ಚಿದಳು. ನುಂಗಲಿಲ್ಲ, ಇಟ್ಟುಕೊಂಡಳು. ಮುಳ್ಳೇನು ಅಂದೆ. ತಲೆ ಅಲ್ಲಾಡಿಸಿದಳು. ಆಮೇಲೆ ನುಂಗಿದಳು.

"ಉಪ್ಪ ಕಡಿಮಿ ಆಗೇತಿ," ಅಂದಳು, ಕಣ್ಣು ತುಂಬಿಕೊಂಡು. ಬಾಳೇಶ ನಕ್ಕ. ನಾನೂ ನಕ್ಕೆ.

ಎರಡನೇ ತುತ್ತು ಬಿಡಿಸಿದೆ. ಮೂರು ಸಲ ನೋಡಿದೆ. ಒಂದೂ ಮುಳ್ಳಿರಲಿಲ್ಲ. ಇದು ಖಂಡಿತ — ಒಂದೂ ಇರಲಿಲ್ಲ. ಬಾಯಿಗಿಟ್ಟೆ. ಅಗಿದಳು. ಗಂಟಲು ಏರಿತು, ಅರ್ಧಕ್ಕೆ ನಿಂತಿತು, ನನ್ನ ಕೈ ಹಿಡಿಯಲು ಬಂದಳು, ಆ ಬೆರಳು ಮುಚ್ಚಲಿಲ್ಲ. ಬಾಳೇಶ ಬೆನ್ನು ಗುದ್ದಿದ, ಉಸಿರು ಮರಳಲಿಲ್ಲ.