ಕಲ್ಮಲದ ಇಳಿಜಾರು

ದೇವದುರ್ಗ
೧೨ ಮಾರ್ಚ್ ೧೯೪೪

ಚಿ. ಸೌ. ಕನಕಮ್ಮಳಿಗೆ ನಿನ್ನ ಗಂಡ ರಾಮಲಿಂಗಪ್ಪನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಈ ಕಾಗದವನ್ನು ಬೇರೆಯವರಿಂದ ಓದಿಸಬೇಡ. ನಾನೇ ಕಲಿಸಿದ ಅಕ್ಷರಗಳು. ನಿಧಾನವಾಗಿ ಕೂಡಿಸಿಕೊಂಡು ನೀನೇ ಓದು.

ನಿನ್ನ ತಮ್ಮ ಅಯ್ಯಣ್ಣ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಂದಿನಿಂದ ನೀನು ಚೀಕಲಪರ್ವಿಯ ತವರಿನಲ್ಲೇ ಉಳಿದೆ. ನಾನು ಶಾಲೆಯ ಕೆಲಸಕ್ಕೆ ರಾಯಚೂರಿಗೆ ಹೋಗುವಾಗೆಲ್ಲ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿ ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಕಲ್ಮಲದ ಹತ್ತಿರ ಬಂತೆಂದರೆ ಧೂಳಿನಲ್ಲಿ ಒಂದು ಸೈಕಲ್ ಹಿಂಬಾಲಿಸುತ್ತದೆ. ಬಸ್ಸು ನಿಧಾನವಾದರೆ ಅದೂ ನಿಧಾನ. ಸವಾರನ ಮುಖ ಕಾಣುವುದಿಲ್ಲ. ಮುಂದಕ್ಕೆ ಚಾಚಿದ ಒಂದು ಕೈ ಕಾಣುತ್ತದೆ. ಮೊನ್ನೆ ಕಂಡಕ್ಟರ್ ವಲಿ ಪಾಷಾ, "ಹಿಂದ ಯಾರನ್ನ ನೋಡಾಕತ್ತೀರಿ ಮಾಸ್ತರ್ರೀ?" ಎಂದು ಕೇಳಿದ. ಬಸ್ಸು ನಿಲ್ಲಿಸಿ ಇಳಿದೆ. ಧೂಳು ಕೂತಿತು. ರಸ್ತೆಯ ಮೇಲೆ ಯಾರೂ ಇರಲಿಲ್ಲ. ನನ್ನ ಬಲ ಅಂಗೈ ಬೆವೆತಿತ್ತು.

ಅಯ್ಯಣ್ಣ ತೀರಿಕೊಂಡ ದಿನ ನಾನೂ ಅವನೂ ರಾಯಚೂರಿನಿಂದ ಮಾನ್ವಿಯವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಒಂದೇ ಸೈಕಲ್ಲಿನ ಮೇಲೆ ನಿಮ್ಮೂರಿಗೆ ಬರುವವರಿದ್ದೆವು. ಬಸ್ಸಿನ ಮೇಲೆ ಹತ್ತಿಯ ಮೂಟೆ ತುಂಬಿ ಸೈಕಲ್ಲಿಗೆ ಜಾಗವಿರಲಿಲ್ಲ. ಪೆಟ್ರೋಲ್ ಸಿಗದ ಕಾಲ, ಇದ್ದಲಿನ ಹೊಗೆಯಿಂದ ಓಡುವ ಬಸ್ಸು. ಏರಿನಲ್ಲಿ ಎತ್ತಿನ ಗಾಡಿಗಿಂತ ಜೋರು ಹೋಗದು. ಅಯ್ಯಣ್ಣ ಸೈಕಲ್ ಮೇಲೆ ಕೂತೇ ಬಸ್ಸಿನ ಹಿಂದಿನ ಏಣಿ ಹಿಡಿದುಕೊಂಡು ಬಂದ. ಕಲ್ಮಲದ ಏರಿನಲ್ಲಿ ಅವನ ಕೈ ಸೋತಿತು. ನಾನು ಹಿಂಬಾಗಿಲಲ್ಲಿ ಕೂತು ಅವನ ಕೈ ಹಿಡಿದೆ. ಅವನು ನಕ್ಕ.

ಏರು ಮುಗಿದು ಇಳಿಜಾರು ಬಂತು. ಬಸ್ಸು ಜೋರಾಯಿತು, ಸೈಕಲ್ ಕುಣಿಯತೊಡಗಿತು. "ಬಿಡಬ್ಯಾಡ್ರಿ ಮಾವಾ" ಎಂದ. ನಾನು ಅರ್ಧ ಹೊರಗೆ ಬಂದಿದ್ದೆ. ಇನ್ನೊಂದು ಗಳಿಗೆ ಹಿಡಿದಿದ್ದರೆ ನಾನೂ ಬೀಳುತ್ತಿದ್ದೆ.

ಬಿಟ್ಟೆ. ಮೈಲುಗಲ್ಲಿಗೆ ಅವನ ತಲೆ ಬಡಿದದ್ದನ್ನು ನೋಡಿದೆ.

ಜನ ಕೇಳಿದಾಗ, ಏಣಿ ಹಿಡಿದು ಹುಡುಗಾಟ ಮಾಡುತ್ತ ತಾನೇ ಕೈಬಿಟ್ಟ ಎಂದೆ. ಮಣ್ಣಿಗಿಟ್ಟ ದಿನ ನಿಮ್ಮವ್ವ ನನ್ನ ಕೈಗೆ ನೀರಿನ ಚಂಬು ಕೊಟ್ಟು, "ತಪ್ಪೆಲ್ಲಾ ನನ್ನ ಮಗಂದ ಅದ. ನೀವ್ಯಾಕ ಅಳ್ತೀರಿ, ಕುಡೀರಿ" ಎಂದರು. ಕುಡಿದೆ ಕನಕಾ. ಮಗನನ್ನು ಕಳೆದುಕೊಂಡವರ ಕೈಯಿಂದ ಇಸಿದುಕೊಂಡು ಕುಡಿದೆ.

ನಾಳೆ ಬಿಟ್ಟು ಮುಂದಿನ ಸೋಮವಾರ ಬರುತ್ತೇನೆ. ಅಷ್ಟರೊಳಗೆ ಇದನ್ನು ನಿಮ್ಮವ್ವನಿಗೆ ಓದಿ ಹೇಳು. ಅವನ ಹೆಸರಿಗೆ ನಾನು ಹಚ್ಚಿದ ಮಸಿ ಹೋಗಲಿ. ನಿಮ್ಮ ಅಂಗಳದಲ್ಲಿ ನಿಂತಿರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿಮ್ಮಿಬ್ಬರಿಗೆ ಸೇರಿದ್ದು.

ನಿನ್ನ ಮುಖ ನೋಡಲು ಅಂಜುವ,
ರಾಮಲಿಂಗಪ್ಪ

ತಾ.ಕ.: ಇಷ್ಟು ಬರೆದೂ ಒಂದನ್ನು ಮುಚ್ಚಿಟ್ಟಿದ್ದೆ. ಬಸ್ಸಿನ ಮೇಲೆ ಜಾಗವಿಲ್ಲವೆಂದಾಗ ಅಯ್ಯಣ್ಣ, "ನೀವು ಹೋಗ್ರಿ ಮಾವಾ, ನಾ ನಾಳಿ ಬಸ್ಸಿಗೆ ಸೈಕಲ್ ಹಾಕ್ಕೊಂಡು ಬರ್ತೀನಿ" ಎಂದಿದ್ದ. ಮಾನ್ವಿಯಿಂದ ಚೀಕಲಪರ್ವಿಗೆ ನಡೆಯುವುದು ನನಗೆ ಬೇಸರವಾಗಿತ್ತು. ಏಣಿ ಹಿಡಿದುಕೊಂಡು ಬಾ ಎಂದವನು ನಾನೇ.